ಕಿರುತೆರೆ ನಟರ ಆತ್ಮಕಥೆಯನ್ನು ಅವರದೇ ದನಿಯಲ್ಲಿ ಕೇಳುವ ಕ್ರಮ

ಶಿರಸಿ ಕಡೆಯ ಮನೆಗಳಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸಂಜೆಯಿಂದ ರಾತ್ರಿಯವರೆಗೆ ಕೈಗೆ ಬಿಡುವಿರುವುದಿಲ್ಲ; ಕಿವಿಗೆ ಮಾತ್ರ ಬೇಕಾದಷ್ಟು ಬಿಡುವಿರುತ್ತದೆ. ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುವವರಿಗೆ ಮೊದಲು ರೇಡಿಯೋ ಜೊತೆಯಾಗಿತ್ತು, ಆಮೇಲೆ ತಾಳಮದ್ದಲೆಯ, ಅಂದರೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದ, ಕ್ಯಾಸೆಟ್ಟುಗಳು ಬಂದವು, ಈಗ ಮೊಬೈಲು ಬಂದಿದೆ. ನಾನು ಕೆಲವು ವರ್ಷಗಳಿಂದ ಆ ಹೊತ್ತಿನಲ್ಲಿ ಇಂಗ್ಲಿಷ್ ಟಿವಿ ನಟರ ಆತ್ಮಕಥೆಗಳನ್ನು, ಅದರಲ್ಲೂ ನಟರು ತಾವೇ ಓದಿ ಧ್ವನಿಮುದ್ರಿಸಿದವುಗಳನ್ನು ಕೇಳುತ್ತ ಬಂದಿದ್ದೇನೆ.

ಒಂದು ಸಂಜೆ ಮೈಕೆಲ್ ಜೆ. ಫಾಕ್ಸ್ ಅವರ, 2020ರಲ್ಲಿ ಬಂದ ಆತ್ಮಕಥನವನ್ನು ಒಂದೂವರೆ ಪಟ್ಟು ವೇಗದಲ್ಲಿ ಹಾಕಿಕೊಂಡು ಕುಳಿತಿದ್ದೆ. ಇಂಗ್ಲಿಷಿನ ಗಂಧವಿಲ್ಲದ ಆಯಿ ಎದುರಿಗೆ ಕುಳಿತು ಸುಲಿಯುತ್ತಿದ್ದವಳು, “ಅಷ್ಟು ಗಡಿಬಿಡಿ ಎಂತಕ್ಕೆ ಅವಂಗೆ?” ಎಂದಳು. ನಗುತ್ತ ವೇಗವನ್ನು ಸಹಜಕ್ಕೆ ಇಳಿಸಿದೆ. ಹತ್ತು ನಿಮಿಷವಾಗಿರಬೇಕು, ಬುಟ್ಟಿಗೆ ಕೈ ಹಾಕಿದವಳು ಅಲ್ಲಿಯೇ ತಡೆದು, “ಇಂವಂಗೆ ಮೈ ಹುಷಾರಿಲ್ಲೆ ಕಾಣ್ತು” ಎಂದಳು. ಫಾಕ್ಸ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ವೈದ್ಯರು ಹೇಳಿದ್ದು 1991ರಲ್ಲಿ, ಅವರು ಅದನ್ನು ಲೋಕಕ್ಕೆ ತಿಳಿಸಿದ್ದು 1998ರಲ್ಲಿ. ಆ ಕಾಯಿಲೆಯಲ್ಲಿ ನಡಿಗೆ, ಕೈಗಳಂತೆ ದನಿಯೂ ಸೊರಗುತ್ತದೆ. ಮಾತು ಮೆಲ್ಲಗಾಗಿ, ಏರಿಳಿತ ಕಡಿಮೆಯಾಗಿ, ಪದಗಳು ಒಂದರ ಮೇಲೊಂದು ಬೀಳುತ್ತವೆ. ಇವೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮೂರು ಗಂಟೆ ಕೇಳಿದ ನಾನು ಹಿಡಿಯದಿದ್ದದ್ದನ್ನು, ಒಂದು ಮಾತೂ ಅರ್ಥವಾಗದ ಆಯಿ ಹತ್ತು ನಿಮಿಷದಲ್ಲಿ ಹಿಡಿದಳು. ನಾನು ಪುಸ್ತಕವನ್ನು ಕೇಳುತ್ತಿದ್ದೆ, ಆಯಿ ಮನುಷ್ಯನನ್ನು ಕೇಳುತ್ತಿದ್ದಳು. ಮುಂದೆ ಹೇಳುವ ಕ್ರಮವೆಲ್ಲ ಆ ಎರಡನೆಯ ಬಗೆಯ ಕೇಳುವಿಕೆಗೆ ಅನುಕೂಲ ಮಾಡಿಕೊಳ್ಳುವುದಕ್ಕಾಗಿ.

ಮೊದಲು ಆಯ್ಕೆ

ಆಡಿಯೋಬುಕ್ ಕೊಳ್ಳುವ ಮೊದಲು ಓದಿದವರು ಯಾರು ಎಂಬ ಸಾಲನ್ನು ನೋಡಬೇಕು. ಮುಖಪುಟದಲ್ಲಿ ನಟರ ಚಿತ್ರ ದೊಡ್ಡದಾಗಿ ಇದ್ದ ಮಾತ್ರಕ್ಕೆ ಒಳಗಿನ ದನಿಯೂ ಅವರದೇ ಎಂದು ತಿಳಿಯುವಂತಿಲ್ಲ. ವೃತ್ತಿಪರ ವಾಚಕರು ಓದಿದ ಆತ್ಮಕಥೆಗಳೂ ಇವೆ, ಮುನ್ನುಡಿಯನ್ನು ಮಾತ್ರ ನಟರು ಓದಿ ಉಳಿದದ್ದನ್ನು ಬೇರೆಯವರಿಗೆ ಬಿಟ್ಟವೂ ಇವೆ. ಲೇಖಕರ ಹೆಸರೂ ವಾಚಕರ ಹೆಸರೂ ಒಂದೇ ಆಗಿದ್ದರೆ ಮುಂದುವರಿಯಬಹುದು. ಎರಡನೆಯದಾಗಿ, ಅದು ಪೂರ್ಣಪಾಠವೋ ಸಂಕ್ಷಿಪ್ತವೋ ಎಂಬುದನ್ನು ಗಮನಿಸಬೇಕು. ಕ್ಯಾಸೆಟ್ ಮತ್ತು ಸಿಡಿಗಳ ಕಾಲದಲ್ಲಿ ಜಾಗ ಉಳಿಸಲಿಕ್ಕಾಗಿ ಪುಸ್ತಕವನ್ನು ಅರ್ಧಕ್ಕರ್ಧ ಕತ್ತರಿಸಿ ಓದಿಸುವ ರೂಢಿಯಿತ್ತು, ಅಂಥ ಹಳೆಯ ಧ್ವನಿಮುದ್ರಣಗಳು ಈಗಲೂ ಮಾರಾಟಕ್ಕಿವೆ.

ಬಹುತೇಕ ಆಪ್‌ಗಳು ಐದು ನಿಮಿಷದಷ್ಟು ಮಾದರಿಯನ್ನು ಪುಕ್ಕಟೆ ಕೇಳಿಸುತ್ತವೆ. ಅದನ್ನು ಎರಡು ಸಲ ಕೇಳಿ. ಮೊದಲ ಸಲ ಉಚ್ಚಾರಣೆ ನಿಮ್ಮ ಕಿವಿಗೆ ಹಿಡಿಯುತ್ತದೆಯೇ ಎಂದು ನೋಡಿ, ಎರಡನೆಯ ಸಲ ಅರ್ಥದ ಗೊಡವೆಗೆ ಹೋಗದೆ ಆ ದನಿಯೊಂದಿಗೆ ಎಂಟೊಂಬತ್ತು ಗಂಟೆ ಕಳೆಯಲು ನಿಮ್ಮಿಂದ ಆದೀತೇ ಎಂದು ಯೋಚಿಸಿ. ಇಷ್ಟವಾಗದ ದನಿಯನ್ನು ಹಟ ಹಿಡಿದು ಕೇಳಿದ ಅನುಭವ ನನಗಿದೆ. ಅದರಿಂದ ಪುಸ್ತಕಕ್ಕೂ ನ್ಯಾಯವಾಗಲಿಲ್ಲ, ಆ ಸಂಜೆಯ ಅಡಿಕೆಗೂ ಆಗಲಿಲ್ಲ.

ಯೂಟ್ಯೂಬಿನಲ್ಲಿ ಯಾರೋ ಅನುಮತಿಯಿಲ್ಲದೆ ಹಾಕಿದ ಪ್ರತಿಗಳನ್ನು ಕೇಳಬಾರದು ಎನ್ನುವುದಕ್ಕೆ ಕಾನೂನಿನ ಕಾರಣ ಒಂದು ಕಡೆಗಿರಲಿ, ಕಿವಿಯ ಕಾರಣವೇ ಸಾಕು. ಹಕ್ಕುಸ್ವಾಮ್ಯ ಪತ್ತೆಮಾಡುವ ಯಂತ್ರದ ಕಣ್ಣು ತಪ್ಪಿಸಲು ಅಂಥವರು ಶ್ರುತಿಯನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ ಹಾಕಿರುತ್ತಾರೆ. ಕಾದಂಬರಿಯಾಗಿದ್ದರೆ ಸಹಿಸಬಹುದಿತ್ತೇನೋ. ಇಲ್ಲಿ ನಾವು ಬಂದದ್ದೇ ದನಿಗಾಗಿ, ಅದೇ ಬೇರೆಯವರದಾಗಿಬಿಟ್ಟರೆ ಉಳಿಯುವುದೇನು?

ಪ್ರಸಂಗ ತಿಳಿದುಕೊಳ್ಳುವುದು

ನಮ್ಮಲ್ಲಿ ಪ್ರಸಂಗ ಗೊತ್ತಿಲ್ಲದೆ ತಾಳಮದ್ದಲೆಗೆ ಹೋಗುವವರು ಕಡಿಮೆ. ಕರ್ಣಪರ್ವದ ಕೊನೆಗೆ ಏನಾಗುತ್ತದೆ ಎಂಬ ಕುತೂಹಲಕ್ಕೆ ಯಾರೂ ರಾತ್ರಿಯಿಡೀ ಕೂರುವುದಿಲ್ಲ. ಇವತ್ತಿನ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವನು, ಆ ಕರ್ಣನನ್ನು ಹೇಗೆ ಮಾತನಾಡಿಸುತ್ತಾನೆ ಎಂದು ಕೇಳಲು ಕೂರುತ್ತಾರೆ. ನಟರ ಆತ್ಮಕಥೆಗೂ ಇದೇ ತಯಾರಿ ಬೇಕು. ಒಂದು ಹಾಳೆಯ ಮೇಲೆ ಅವರು ಹುಟ್ಟಿದ ವರ್ಷ, ಹೆಸರು ತಂದ ಧಾರಾವಾಹಿ ಮತ್ತು ಅದು ನಡೆದ ವರ್ಷಗಳು, ಪುಸ್ತಕ ಬಂದ ವರ್ಷ, ಇಷ್ಟನ್ನು ಬರೆದುಕೊಳ್ಳಿ. ಮ್ಯಾಥ್ಯೂ ಪೆರಿ ಅವರಾದರೆ ‘ಫ್ರೆಂಡ್ಸ್’ ಧಾರಾವಾಹಿ 1994ರಿಂದ 2004ರವರೆಗೆ, ಆತ್ಮಕಥೆ ನವೆಂಬರ್ 2022, ಮರಣ ಅಕ್ಟೋಬರ್ 2023. ಬ್ರಯನ್ ಕ್ರಾನ್‌ಸ್ಟನ್ ಅವರಾದರೆ ‘ಮಾಲ್ಕಮ್ ಇನ್ ದ ಮಿಡಲ್’ 2000ದಿಂದ 2006, ‘ಬ್ರೇಕಿಂಗ್ ಬ್ಯಾಡ್’ 2008ರಿಂದ 2013, ಆತ್ಮಕಥೆ 2016. ಮುದ್ರಿತ ಪುಸ್ತಕದಲ್ಲಿ ಪುಟ ಹಿಂದೆ ತಿರುವಿ ಇದು ಯಾವ ವರ್ಷದ ಮಾತು ಎಂದು ನೋಡಬಹುದು, ಕೇಳುವಾಗ ಆ ಸೌಕರ್ಯವಿಲ್ಲ. ಆತ್ಮಕಥೆ ಬರೆಯುವವರು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಜಿಗಿಯುವುದು ಸಾಮಾನ್ಯವಾದ್ದರಿಂದ ಆ ಹಾಳೆ ಪಕ್ಕದಲ್ಲಿರಬೇಕು.

ಧಾರಾವಾಹಿಯ ಒಂದೆರಡು ಕಂತುಗಳನ್ನು ಮೊದಲೇ ನೋಡಿಕೊಂಡರೆ ಲಾಭ ಹೆಚ್ಚು. ಪೆರಿ ತಮ್ಮ ಆತ್ಮಕಥೆಯಲ್ಲಿ, ‘ಫ್ರೆಂಡ್ಸ್’ ನಡೆದ ವರ್ಷಗಳಲ್ಲಿ ತಮ್ಮ ಮೈತೂಕವನ್ನು ನೋಡಿದರೆ ಆಯಾ ಕಾಲದಲ್ಲಿ ತಮ್ಮನ್ನು ಹಿಡಿದಿದ್ದದ್ದು ಯಾವ ಚಟವೆಂದು ತಿಳಿಯಬಹುದು ಎನ್ನುತ್ತಾರೆ. ಮೈ ತುಂಬಿಕೊಂಡಿದ್ದರೆ ಕುಡಿತ, ಸೊರಗಿದ್ದರೆ ಮಾತ್ರೆಗಳು. ಆ ಮಾತನ್ನು ಕೇಳಿದ ಮೇಲೆ ಬೇರೆ ಬೇರೆ ವರ್ಷಗಳ ಎರಡು ಕಂತುಗಳನ್ನು ಒಂದರ ಹಿಂದೊಂದು ಹಾಕಿ ನೋಡಿದೆ. ಪರದೆಯ ಮೇಲಿನ ನಗೆಯಲ್ಲಿ ವ್ಯತ್ಯಾಸವೇ ಇರಲಿಲ್ಲ, ಅಂಗಿ ಮಾತ್ರ ಒಂದರಲ್ಲಿ ಬಿಗಿಯಾಗಿಯೂ ಇನ್ನೊಂದರಲ್ಲಿ ಜೋಲಾಗಿಯೂ ಇತ್ತು. ಕೇಳುವ ಮೊದಲು ನೋಡಿದ ಕಂತನ್ನೇ ಕೇಳಿದ ಮೇಲೆ ಇನ್ನೊಮ್ಮೆ ನೋಡುವುದಕ್ಕೆ ಸಮಯ ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಮುದ್ರಿತ ಪುಸ್ತಕದಲ್ಲಿರುವ ಭಾವಚಿತ್ರಗಳನ್ನು ಅನೇಕ ಆಡಿಯೋಬುಕ್‌ಗಳ ಜೊತೆ ಪಿಡಿಎಫ್ ಆಗಿ ಕೊಟ್ಟಿರುತ್ತಾರೆ. ಅದನ್ನು ತೆರೆಯದೆ ಬಿಡುವವರೇ ಹೆಚ್ಚು.

ಫೋನಿನಲ್ಲಿ ಮಾಡಿಕೊಳ್ಳಬೇಕಾದದ್ದು

ಕಡತವನ್ನು ವೈಫೈ ಇರುವಲ್ಲಿಯೇ ಪೂರ್ತಿ ಇಳಿಸಿಕೊಳ್ಳಿ. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದ ಧ್ವನಿಗೆ ಗಂಟೆಗೆ ಸುಮಾರು 29 ಎಂಬಿ ಜಾಗ ಬೇಕು, ಒಂಬತ್ತು ಗಂಟೆಯ ಪುಸ್ತಕಕ್ಕೆ 260 ಎಂಬಿ. ಇಷ್ಟಕ್ಕಾಗಿ ಫೋನಿನಲ್ಲಿ ಜಾಗವಿಲ್ಲವೆನ್ನುವವರು ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿದರೆ ಸಾಕಾಗುತ್ತದೆ. ಕುಮಟೆಯಿಂದ ಶಿರಸಿಗೆ ಬಸ್ಸಿನಲ್ಲಿ ಹತ್ತಿದವರಿಗೆ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೋಗುವುದು ಗೊತ್ತೇ ಇದೆ, ಕೊಂಕಣ ರೈಲಿನಲ್ಲಿ ಹೋಗುವವರಿಗೆ ಸುರಂಗಗಳಿವೆ. ನಟರು ತಂದೆಯ ಸಾವಿನ ಬಗ್ಗೆ ಹೇಳುತ್ತಿರುವಾಗ ಚಕ್ರ ಸುತ್ತುತ್ತ ನಿಂತರೆ, ಸಿಗ್ನಲ್ ಬಂದ ಮೇಲೆ ಕೇಳುವ ಮಾತಿಗೆ ಮೊದಲಿನ ಬಿಸಿ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರುಗಳಲ್ಲಿ ಮಧ್ಯಾಹ್ನವೇ ಚಾರ್ಜು ಮಾಡಿಟ್ಟುಕೊಳ್ಳುವುದನ್ನು ನಾನು ಹೇಳಿಕೊಡಬೇಕಾಗಿಲ್ಲ.

ವೇಗದ ವಿಷಯದಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟಿನ ಅಭಿಪ್ರಾಯ. ಮಾಹಿತಿಯ ಪುಸ್ತಕಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದಕ್ಕೆ ನನ್ನ ತಕರಾರಿಲ್ಲ. ನಟರೇ ಓದಿದ ಆತ್ಮಕಥೆಯನ್ನು ಮಾತ್ರ ವೇಗ 1ರಲ್ಲಿಯೇ ಕೇಳಬೇಕು. ಒಂಬತ್ತು ಗಂಟೆಯ ಪುಸ್ತಕ 1.25ರ ವೇಗದಲ್ಲಿ ಏಳು ಗಂಟೆ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಹೀಗೆ ಉಳಿಯುವ ಎರಡು ಗಂಟೆಗಿಂತ ಕಡಿಮೆ ಸಮಯಕ್ಕಾಗಿ ನಾವು ಕೊಡುವುದು ಉಸಿರು, ತಡೆದು ನಿಂತ ಕ್ಷಣ, ಗಂಟಲು ಸರಿಮಾಡಿಕೊಂಡ ಸದ್ದು ಇವೆಲ್ಲವನ್ನೂ. ಅಮೆರಿಕದವರ ಇಂಗ್ಲಿಷ್ ಕಿವಿಗೆ ಹೊಸದಾಗಿದ್ದವರು ಮೊದಲ ಅಧ್ಯಾಯವನ್ನು 0.9ರಲ್ಲಿ ಕೇಳಿ, ಎರಡನೆಯದಕ್ಕೆ ಸಹಜ ವೇಗಕ್ಕೆ ಬರಬಹುದು. ಅದಕ್ಕಿಂತ ಕೆಳಗೆ ಇಳಿಸಿದರೆ ಎಲ್ಲರೂ ಕುಡಿದು ಮಾತನಾಡಿದಂತೆ ಕೇಳುತ್ತದೆ, ಕೆಲವು ಪುಸ್ತಕಗಳಲ್ಲಿ ಅದು ದೊಡ್ಡ ಗೊಂದಲಕ್ಕೆ ಎಡೆಮಾಡುತ್ತದೆ.

ವೇಗಕ್ಕಿಂತಲೂ ಅಪಾಯದ್ದು ಕೆಲವು ಆಪ್‌ಗಳಲ್ಲಿರುವ, ಮಾತಿನ ನಡುವಿನ ಮೌನವನ್ನು ತಾನಾಗಿಯೇ ಕತ್ತರಿಸುವ ಸೌಲಭ್ಯ. ಸೆಟ್ಟಿಂಗ್ಸಿಗೆ ಹೋಗಿ ಅದು ಆನ್ ಆಗಿದೆಯೇ ಎಂದು ನೋಡಿ, ಆಗಿದ್ದರೆ ಆಫ್ ಮಾಡಿ. ಮಲಗಿ ಕೇಳುವ ಅಭ್ಯಾಸವಿದ್ದರೆ ಅಧ್ಯಾಯದ ಕೊನೆಗೆ ತಾನೇ ನಿಲ್ಲುವಂತೆ ಟೈಮರ್ ಇಟ್ಟುಕೊಳ್ಳಿ.

ಎಲ್ಲಿ ಕೂರಬೇಕು

ಕಾರವಾರದ ಟಾಗೋರ್ ಕಡಲತೀರದಲ್ಲಿ ಸಂಜೆ ಕುಳಿತು ಕೇಳುವ ಕಲ್ಪನೆ ಚಂದ, ಕೆಲಸಕ್ಕೆ ಬರುವುದಿಲ್ಲ. ಗಾಳಿಯೂ ಅಲೆಯೂ ಸೇರಿ ಮೆಲ್ಲನೆಯ ದನಿಯನ್ನು ನುಂಗುತ್ತವೆ, ದನಿ ಏರಿಸಿದರೆ ಪಿಸುಮಾತು ಕೂಗಾಗುತ್ತದೆ. ತಗಡಿನ ಮಾಡಿನ ಕೆಳಗೆ ಆಷಾಢದ ಮಳೆಯಲ್ಲಿಯೂ ಅದೇ ಪಾಡು. ಅಂಥಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಹೆಂಚಿನ ಮನೆಯ ಜಗುಲಿ, ಸುಲಿಯುವ ಅಂಕಣ, ರಾತ್ರಿ ಬೆಂಗಳೂರಿಗೆ ಹೋಗುವ ಬಸ್ಸಿನ ಬರ್ತು, ಇವು ಒಳ್ಳೆಯ ಜಾಗಗಳು. ಬೈಕಿನ ಮೇಲೆ ಬೇಡವೇ ಬೇಡ. ಕೈಗೆ ಅಭ್ಯಾಸವಾದ ಕೆಲಸವಿದ್ದರೆ ಗಮನ ನಿಲ್ಲುತ್ತದೆ, ಲೆಕ್ಕ ಬರೆಯುವಂಥ ಕೆಲಸವಿದ್ದರೆ ಎರಡೂ ಕೆಡುತ್ತವೆ.

ಕೇಳುವಾಗ ಕಿವಿ ಎಲ್ಲಿರಬೇಕು

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಪಾತ್ರವಾಗಬೇಕು. ಯಕ್ಷಗಾನದ ಆಟದಲ್ಲಿ ಕಿರೀಟ, ಬಣ್ಣ, ಹೆಜ್ಜೆಗಳ ಹಿಂದೆ ಮರೆಯಾಗಬಹುದಾದ ಕಲಾವಿದ ಕೂಟದಲ್ಲಿ ದನಿಯೊಂದನ್ನೇ ಇಟ್ಟುಕೊಂಡು ಕೂರುತ್ತಾನೆ. ಕ್ಯಾಮೆರಾದ ಮುಂದೆ ಬದುಕು ಕಳೆದ ನಟರು ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತಾಗಲೂ ಆಗುವುದು ಅದೇ. ವ್ಯತ್ಯಾಸವೆಂದರೆ ನಮ್ಮ ಅರ್ಥಧಾರಿಯ ಮಾತು ಆಶುವಾದದ್ದು, ಇವರದು ಬರೆದದ್ದನ್ನು ಓದುವುದು. ಹಾಗಾಗಿ ಬರೆದ ಮಾತಿನೊಳಗಿಂದ ಬರೆಯದ ಮಾತು ಎಲ್ಲಿ ಇಣುಕುತ್ತದೆ ಎಂದು ಕಾಯಬೇಕು.

ಮೂರು ದನಿಗಳನ್ನು ಬೇರೆ ಮಾಡಿಕೊಂಡು ಕೇಳಲು ಅಭ್ಯಾಸ ಮಾಡಿಕೊಳ್ಳಿ. ಒಂದು ಓದುವ ದನಿ; ಊರು, ಶಾಲೆ, ಇಸವಿಗಳನ್ನು ಹೇಳುವಾಗಿನದು, ಸಮವಾಗಿ ಹರಿಯುತ್ತದೆ. ಎರಡನೆಯದು ಆಡುವ ದನಿ. ತಂದೆ, ನಿರ್ದೇಶಕ, ಮೊದಲ ಸಂಬಳ ಕೊಟ್ಟ ಮಾಲೀಕ ಇವರನ್ನು ಅನುಕರಿಸುವಾಗಿನದು. ಕ್ರಾನ್‌ಸ್ಟನ್ ಅವರಂಥ ನುರಿತ ನಟರು ಈ ಎರಡನೆಯದರಲ್ಲಿ ನಮ್ಮನ್ನು ಮರುಳು ಮಾಡಿಬಿಡುತ್ತಾರೆ, ಮಾಡಲಿ, ಅದಕ್ಕೂ ನಾವು ದುಡ್ಡು ಕೊಟ್ಟಿದ್ದೇವೆ. ಅವರ ತಂದೆಯೂ ನಟರೇ ಆಗಿದ್ದು ಮಗನ ಬಾಲ್ಯದಲ್ಲಿಯೇ ಮನೆ ಬಿಟ್ಟು ಹೋದವರು. ಅಂಥ ತಂದೆಯನ್ನು ಮಗ ತನ್ನ ಬಾಯಿಯಿಂದ ಮಾತನಾಡಿಸುವಾಗ ಅನುಕರಣೆ ಎಷ್ಟು ಪ್ರೀತಿಯದು, ಎಷ್ಟು ಲೆಕ್ಕ ಚುಕ್ತಾ ಮಾಡುವಂಥದು ಎಂಬುದು ಕಾಗದದ ಮೇಲೆ ಗೊತ್ತಾಗುವುದಿಲ್ಲ. ಮೂರನೆಯ ದನಿ ಅಪರೂಪದ್ದು. ವಾಕ್ಯದ ನಡುವೆ ಎಲ್ಲೋ ನಟನೆಯೂ ಓದೂ ಜಾರಿ, ಮನುಷ್ಯರು ಅಡುಗೆಮನೆಯಲ್ಲಿ ಮಾತನಾಡುವ ದನಿ ಬಂದುಬಿಡುತ್ತದೆ. ಹೆಚ್ಚಾಗಿ ಅದು ದೊಡ್ಡ ದುಃಖದ ಭಾಗಗಳಲ್ಲಿ ಬರುವುದಿಲ್ಲ, ಅಲ್ಲಿಗೆ ನಟರು ತಯಾರಾಗಿಯೇ ಬಂದಿರುತ್ತಾರೆ. ಅಜ್ಜಿಯ ಮನೆಯ ತಿಂಡಿ, ಕಳೆದುಹೋದ ನಾಯಿ, ಹಳೆಯ ಕಾರು ಇಂಥ ಮೂಲೆಗಳಲ್ಲಿ ಬರುತ್ತದೆ. ಬಂದೊಡನೆ ಆಪ್‌ನಲ್ಲಿರುವ ಬುಕ್‌ಮಾರ್ಕ್ ಒತ್ತಿಬಿಡಿ. ಆಮೇಲೆ ಹುಡುಕುತ್ತೇನೆಂದರೆ ಒಂಬತ್ತು ಗಂಟೆಯಲ್ಲಿ ಅದು ಸಿಗುವುದಿಲ್ಲ.

ನಗೆಯ ಜಾಗಗಳನ್ನು ವಿಶೇಷವಾಗಿ ಗಮನಿಸಿ. ‘ಫ್ರೆಂಡ್ಸ್’ನಂಥ ಹಾಸ್ಯ ಧಾರಾವಾಹಿಗಳನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸುತ್ತಿದ್ದರು. ಅಲ್ಲಿ ಪಳಗಿದ ನಟರಿಗೆ ಮಾತು ಬಿಟ್ಟು, ನಗೆ ಏಳುವವರೆಗೆ ತಡೆದು, ಅದು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತು ಎತ್ತಿಕೊಳ್ಳುವುದು ಮೈಗೆ ಹತ್ತಿರುತ್ತದೆ. ನಮ್ಮ ಮೇಳಗಳ ಹಾಸ್ಯಗಾರರು ಬಯಲಿನ ನಗೆಗೆ ಕಾಯುವ ಹಾಗೆಯೇ. ಧ್ವನಿಮುದ್ರಣದ ಕೋಣೆಯಲ್ಲಿ ಪ್ರೇಕ್ಷಕರಿಲ್ಲ. ಪೆರಿ ಅವರ ಓದನ್ನು ಕೇಳುವಾಗ ಹಾಸ್ಯದ ಸಾಲಿನ ಮುಂದೆ ಎಷ್ಟೋ ಕಡೆ ಅರೆಗಳಿಗೆಯ ತೆರಪು ಬಿದ್ದಂತೆ ನನ್ನ ಕಿವಿಗೆ ಕೇಳಿಸಿತು, ಆ ತೆರಪಿನಲ್ಲಿ ಏನೂ ಇರಲಿಲ್ಲ. ಪ್ರೇಕ್ಷಕರು ನಗದಿದ್ದರೆ ತಮಗೆ ಪ್ರಾಣವೇ ಹೋದಂತಾಗುತ್ತಿತ್ತು ಎಂಬ ಅರ್ಥದ ಮಾತನ್ನು ಅದೇ ಪುಸ್ತಕದಲ್ಲಿ ಅವರು ಹೇಳುತ್ತಾರೆ. ಹೇಳಿದ್ದಕ್ಕಿಂತ ಆ ಖಾಲಿ ತೆರಪೇ ನನಗೆ ಹೆಚ್ಚು ತಟ್ಟಿತು. ಮೌನ ಕತ್ತರಿಸುವ ಸೌಲಭ್ಯವನ್ನು ಆಫ್ ಮಾಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ದನಿಯಲ್ಲಿ ಬೆಸುಗೆಗಳೂ ಇರುತ್ತವೆ. ಒಂದು ಗಂಟೆಯ ಸಿದ್ಧ ಧ್ವನಿಗೆ ಸ್ಟುಡಿಯೋದಲ್ಲಿ ಎರಡು ಗಂಟೆಯಾದರೂ ಹಿಡಿಯುತ್ತದೆ, ಪೂರ್ತಿ ಪುಸ್ತಕವನ್ನು ಹಲವು ದಿನಗಳಲ್ಲಿ ಓದಿಸುತ್ತಾರೆ, ತಪ್ಪಿದಲ್ಲಿ ಹಿಂದಿನ ಸಾಲಿನಿಂದ ಮತ್ತೆ ಓದಿಸಿ ಸೇರಿಸುತ್ತಾರೆ. ಅಧ್ಯಾಯದ ನಡುವೆ ದನಿ ಇದ್ದಕ್ಕಿದ್ದಂತೆ ತಾಜಾ ಆಯಿತೆಂದರೆ ಅಲ್ಲಿ ಮರುದಿನದ ಬೆಳಗಾಗಿದೆ ಎಂದೇ ತಿಳಿಯಬಹುದು. ಅದನ್ನು ಭಾವನೆಯ ಬದಲಾವಣೆಯೆಂದು ತಪ್ಪಾಗಿ ಓದಿಕೊಳ್ಳಬಾರದು. ಸಂಜೆಯ ದಣಿವನ್ನು ದುಃಖವೆಂದು ತಿಳಿದು ಒಂದು ಅಧ್ಯಾಯಕ್ಕೆ ನಾನು ಸುಮ್ಮನೆ ಮರುಗಿದ್ದುಂಟು.

ನಂಬುವುದು ಎಷ್ಟು

ದನಿ ಆಪ್ತವಾಗಿದ್ದಷ್ಟೂ ಅದು ಹೇಳಿದ್ದನ್ನೆಲ್ಲ ನಾವು ನಂಬುತ್ತೇವೆ. ನಟರ ಕಸುಬೇ ನಂಬಿಸುವುದು ಎಂಬುದನ್ನು ಮರೆಯದಿರಿ. ಆತ್ಮಕಥೆ ನೆನಪಿನ ಬರಹ, ಪಂಚನಾಮೆಯಲ್ಲ. ಅದಕ್ಕೆ ಪ್ರಕಾಶಕರ ವಕೀಲರ ಕೈಯೂ ತಾಗಿರುತ್ತದೆ, ಹೆಸರುಗಳು ಬದಲಾಗಿರುತ್ತವೆ, ಪ್ರಸಿದ್ಧರ ಅನೇಕ ಆತ್ಮಕಥೆಗಳಲ್ಲಿ ಸಹಬರಹಗಾರರೂ ಇರುತ್ತಾರೆ. ಬೇರೆಯವರು ಕಟ್ಟಿಕೊಟ್ಟ ವಾಕ್ಯವನ್ನು ನಟರು ಓದುವಾಗ ಕೆಲವೊಮ್ಮೆ ಹೊಸ ಚಪ್ಪಲಿ ಹಾಕಿ ನಡೆದಂತೆ ನಾಲಿಗೆ ಹೋಗುತ್ತದೆ. ಇಸವಿ, ಪ್ರಶಸ್ತಿ, ಕಂತಿನ ಸಂಖ್ಯೆ ಇಂಥವನ್ನು ನಿಮ್ಮ ಹಾಳೆಯೊಂದಿಗೆ ತಾಳೆ ನೋಡಿ. ಜಗಳದ ಕಥೆಗಳಲ್ಲಿ ಎದುರು ಪಕ್ಷದವರ ದನಿಯನ್ನು ಹೇಳುವವರೇ ಆಡಿ ತೋರಿಸುತ್ತಿದ್ದಾರೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಕೌರವನ ಅರ್ಥವನ್ನೂ ಭೀಮನೇ ಹೇಳಿದರೆ ಪ್ರಸಂಗ ಹೇಗಾದೀತು?

ನಮ್ಮವರದಾದರೆ ಹೇಗಿರುತ್ತಿತ್ತು ಎಂಬ ಯೋಚನೆ ಇಂಥ ಪುಸ್ತಕ ಕೇಳುವಾಗಲೆಲ್ಲ ಬರುತ್ತದೆ. ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಹುಟ್ಟಿದ ಶಂಕರ್ ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ದೇಶಕ್ಕೆಲ್ಲ ತೋರಿಸಿದರು, 1990ರಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಹೋದರು. ಆತ್ಮಕಥೆ ಓದಲು ಕೂರುವ ವಯಸ್ಸೇ ಅದಲ್ಲ. ಆ ಅವಸರದ ದನಿಯನ್ನು ಒಂಬತ್ತು ಗಂಟೆ ಕೇಳುವ ಅವಕಾಶವಿದ್ದಿದ್ದರೆ ನಾನು ವೇಗವನ್ನು ಮುಟ್ಟುತ್ತಲೇ ಇರಲಿಲ್ಲ.

ನಾಲ್ಕು ಜನರ ನಡುವೆ ಕೇಳುವುದಾದರೆ

ಮನೆಯಲ್ಲಿ ಇಂಗ್ಲಿಷ್ ಬರುವವರೂ ಬಾರದವರೂ ಸೇರಿ ಕೂರುವುದುಂಟು. ಸಾಲುಸಾಲಿಗೆ ನಿಲ್ಲಿಸಿ ಅನುವಾದ ಹೇಳಲು ಹೋಗಬೇಡಿ, ಐದು ನಿಮಿಷದಲ್ಲಿ ಎಲ್ಲರಿಗೂ ಬೇಸರ ಬರುತ್ತದೆ. ಅಧ್ಯಾಯ ಶುರುವಾಗುವ ಮೊದಲು ಎರಡು ಮಾತಿನಲ್ಲಿ ಪ್ರಸಂಗ ಹೇಳಿ, ಇಪ್ಪತ್ತು ನಿಮಿಷ ಸುಮ್ಮನೆ ಬಿಡಿ, ಆಮೇಲೆ ನಿಲ್ಲಿಸಿ ಏನು ಕೇಳಿಸಿತು ಎಂದು ಕೇಳಿ. ಭಾಷೆ ಬಾರದವರನ್ನು ಮೊದಲು ಕೇಳಿ. ಅವರಿಗೆ ಕಥೆಯ ಹಂಗಿಲ್ಲದ್ದರಿಂದ ದನಿ ಎಲ್ಲಿ ತಡವರಿಸಿತು, ಎಲ್ಲಿ ಸುಳ್ಳು ನಗೆ ನಕ್ಕಿತು ಎಂಬುದು ಚೆನ್ನಾಗಿ ಗೊತ್ತಾಗಿರುತ್ತದೆ. ಆಯಿ ಈಗ ನಮ್ಮ ಸುಲಿಗೆಯ ಕೂಟದಲ್ಲಿ ಈ ಕೆಲಸಕ್ಕೆ ನೇಮಕವಾದವಳು. ಕ್ರಾನ್‌ಸ್ಟನ್ ಅವರನ್ನು ಅರ್ಧ ಗಂಟೆ ಕೇಳಿ, “ಇಂವ ರಾಶಿ ಹುಷಾರಿದ್ದ, ನಂಬಲಾಗ” ಎಂದು ತೀರ್ಪು ಕೊಟ್ಟಿದ್ದಾಳೆ.

ಪುಸ್ತಕ ಮುಗಿಯುವಾಗ ಕೃತಜ್ಞತೆಯ ಭಾಗ ಬಂದೊಡನೆ ಆಪ್ ಮುಚ್ಚುವ ರೂಢಿ ಅನೇಕರದು. ಮುಚ್ಚಬೇಡಿ. ಸಹಬರಹಗಾರರ ಹೆಸರು, ಕಥೆಯಲ್ಲಿ ಅಷ್ಟಾಗಿ ಬಾರದ ಮಡದಿ ಮಕ್ಕಳ ಹೆಸರು ಅಲ್ಲಿ ಬರುತ್ತವೆ, ಕೆಲಸ ಮುಗಿದ ಸಡಿಲವೂ ದನಿಯಲ್ಲಿರುತ್ತದೆ. ಅದನ್ನು ಕೇಳಿದ ಮೇಲೆ ಅದೇ ದಿನ ಮೊದಲ ಅಧ್ಯಾಯಕ್ಕೆ ಹಿಂತಿರುಗಿ ಹತ್ತು ನಿಮಿಷ ಹಾಕಿ, ನಿಮ್ಮ ಬುಕ್‌ಮಾರ್ಕುಗಳ ಎದುರು ಒಂದೊಂದು ಸಾಲು ಬರೆದಿಟ್ಟುಕೊಂಡು ಆಮೇಲೆ ಕಡತವನ್ನು ಅಳಿಸಿ, ಮುಂದಿನ ಪುಸ್ತಕಕ್ಕೆ ಜಾಗ ಮಾಡಿಕೊಳ್ಳಿ.